ಮುದ್ದಣನ ಮೇಲಿನ ವಿಮರ್ಶೆ: ಸೂಚಿಯ ಕೆಲಸ ಎಲ್ಲಿಗೆ ಬಂತು

ಉಡುಪಿ, ಆಟಿ ತಿಂಗಳು

ಮುದ್ದಣ ಎಂಬ ಹೆಸರಿನಿಂದ ಪ್ರಸಿದ್ಧನಾದ ಕವಿ ನಂದಳಿಕೆ ಲಕ್ಷ್ಮೀನಾರಣಪ್ಪನ ಮೇಲೆ ಬಂದ ವಿಮರ್ಶೆಗೆಲ್ಲ ಒಂದು ಸೂಚಿ ಮಾಡುತ್ತಿದ್ದೇವೆ. ಅದರಲ್ಲಿ ಪುಸ್ತಕಗಳ ಪಟ್ಟಿ ಹೆಚ್ಚುಕಡಿಮೆ ಮುಗಿದಿದೆ. ಬಾಕಿ ಇರುವುದು ಬಿಡಿ ಲೇಖನಗಳು. ಕನ್ನಡದಲ್ಲಿ ವಿಮರ್ಶೆಯ ಬಹುಪಾಲು ಇರುವುದೂ ಅಲ್ಲೇ. ಕವಿಯ ಹೆಸರು ಹಿಡಿದು ಗ್ರಂಥಸೂಚಿಗೆ ಹೋದರೆ ಸಿಗುವುದು ಆತನ ಕೃತಿಗಳ ಬೇರೆಬೇರೆ ಮುದ್ರಣಗಳು, ಒಂದೆರಡು ಜೀವನಚರಿತ್ರೆ, ಅಷ್ಟೇ. ಹಾಗಾಗಿ ಈ ಹಂತದಲ್ಲಿ ಕವಿಯನ್ನು ಬಿಟ್ಟು ವಿಮರ್ಶಕರ ಹೆಸರಿನಿಂದ ಹುಡುಕುತ್ತಿದ್ದೇವೆ.

ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಗ್ರಂಥಸೂಚಿಗಳು ಪರಾಮರ್ಶನ ವಿಭಾಗದಲ್ಲಿ 016ರಡಿ ಇರುತ್ತವೆ. ಕನ್ನಡ ಸಾಹಿತ್ಯ 894.814, ಅದರ ಗ್ರಂಥಸೂಚಿ 016.894814. ಸಾಹಿತ್ಯ ಅಕಾಡೆಮಿ ತಂದ ಭಾರತೀಯ ಸಾಹಿತ್ಯದ ರಾಷ್ಟ್ರೀಯ ಗ್ರಂಥಸೂಚಿ 1901ರಿಂದ 1953ರವರೆಗಿನದು. ಕೋಲ್ಕತ್ತದ ಕೇಂದ್ರೀಯ ಪರಾಮರ್ಶನ ಗ್ರಂಥಾಲಯದ ಇಂಡಿಯನ್ ನ್ಯಾಷನಲ್ ಬಿಬ್ಲಿಯಾಗ್ರಫಿ ಶುರುವಾಗುವುದು 1957ರ ಕೊನೆಯಲ್ಲಿ. ನಡುವಿನ ಮೂರ್ನಾಲ್ಕು ವರ್ಷಗಳ ಪುಸ್ತಕ ಎರಡರಲ್ಲೂ ಕಾಣದೆ ಹೋಗಬಹುದು. ಆ ಅವಧಿಗೆ ಗ್ರಂಥಾಲಯಗಳ ಹಳೆಯ ಕಾರ್ಡುಗಳನ್ನೇ ನೋಡಬೇಕು. ಈ ಎರಡು ಗ್ರಂಥಸೂಚಿಗಳೂ ರೋಮನ್ ಲಿಪಿಯಲ್ಲಿರುವುದರಿಂದ ಅಕಾರಾದಿ ಕ್ರಮ ನಮ್ಮದಲ್ಲ. ಮುದ್ದಣ ಇರುವುದು ‘ಎಂ’ ಅಕ್ಷರದಡಿ. ಲ, ಳಗಳ ವ್ಯತ್ಯಾಸ ತೋರಿಸುವುದು ಅಕ್ಷರದ ಕೆಳಗಿನ ಒಂದು ಚುಕ್ಕೆ ಮಾತ್ರ, ಮಾಸಿದ ಮುದ್ರಣದಲ್ಲಿ ಅದೂ ಕಾಣುವುದಿಲ್ಲ.

ಹೆಸರಿನ ಗೋಜಲು ದೊಡ್ಡದು. ಮುದ್ದಣ, ಮುದ್ದಣ್ಣ, ಲಕ್ಷ್ಮೀನಾರಣಪ್ಪ, ಲಕ್ಷ್ಮೀನಾರಾಯಣಪ್ಪ, ನಂದಳಿಕೆ ಎಂಬ ಐದೂ ಶೀರ್ಷಿಕೆಗಳನ್ನು ತೆರೆಯಲೇಬೇಕು. ಇವಿಷ್ಟೂ ಸಾಲದು. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಈತ ತನ್ನ ಕೃತಿಗಳನ್ನು ಯಾವುದೋ ಹಳೆಯ ಕಾವ್ಯ ಎಂಬಂತೆ ಮೈಸೂರಿನ ‘ಕಾವ್ಯಕಲಾನಿಧಿ’ಯಂಥ ಪತ್ರಿಕೆಗಳಿಗೆ ಕಳಿಸಿದವನು. ಕರ್ತೃತ್ವ ಬಯಲಾಗುವ ಮುಂಚಿನ ಬರಹಗಳಲ್ಲಿ ಲಕ್ಷ್ಮೀನಾರಣಪ್ಪನ ಹೆಸರು ಇರಲು ಸಾಧ್ಯವೇ ಇಲ್ಲ. ಅವು ಬೇಕಿದ್ದರೆ ಕೃತಿಯ ಹೆಸರಿನಿಂದಲೇ ಹೋಗಬೇಕು. ಆತನ ಗದ್ಯಕೃತಿ ರಾಮಾಶ್ವಮೇಧವನ್ನು ‘ರಾ’ದಲ್ಲೂ ‘ಶ್ರೀ’ಯಲ್ಲೂ ನೋಡಿ, ಶ್ರೀಕಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಷಯದಲ್ಲಿ ಸೂಚಿಕಾರರಲ್ಲಿ ಒಮ್ಮತವಿಲ್ಲ. ಆ ಕೃತಿಯಲ್ಲಿ ಮುದ್ದಣ ಮತ್ತು ಮಡದಿ ಮನೋರಮೆಯ ಮಾತುಕತೆ ಬರುವುದರಿಂದ ‘ಮನೋರಮೆ’, ‘ಸಲ್ಲಾಪ’ ಎಂಬ ಪದಗಳಿಂದಲೂ ಹುಡುಕಬಹುದು, ಆದರೆ ಪಠ್ಯದ ನೋಟ್ಸುಗಳೇ ರಾಶಿ ಬೀಳುತ್ತವೆ.

ವರ್ಗಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ವಿಮರ್ಶೆ ಎಂದರೆ 894.81409 ಎಂದು ಅಲ್ಲೇ ನಿಲ್ಲಬಾರದು. ಅದು ಒಟ್ಟು ಕನ್ನಡ ಸಾಹಿತ್ಯದ ಚರಿತ್ರೆ, ವಿಮರ್ಶೆಗಳಿಗೆ. ಒಬ್ಬನೇ ಲೇಖಕನ ಕುರಿತ ಪುಸ್ತಕ ಆತನ ಕೃತಿಗಳ ಸಂಖ್ಯೆಯ ಜತೆಗೇ ಹೋಗುತ್ತದೆ. ಪದ್ಯವಾದರೆ 894.8141, ಕಥನ ಗದ್ಯವಾದರೆ ಸಾಮಾನ್ಯವಾಗಿ 894.8143. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಯಕ್ಷಗಾನ ಪ್ರಸಂಗಗಳಾದ್ದರಿಂದ ಅವುಗಳ ಚರ್ಚೆ 894.8142ರಲ್ಲೋ, ರಂಗಭೂಮಿಯ 792ರಲ್ಲೋ ಇರುತ್ತದೆ. ಪ್ರಸಂಗಕರ್ತ ಮುದ್ದಣನ ಮೇಲಿನ ಬರಹ ಸಾಹಿತ್ಯದವರ ಕಣ್ಣಿಗೆ ಬೀಳದಿರಲು ಇದೂ ಒಂದು ಕಾರಣ ಎಂದು ನಮ್ಮ ಗುಮಾನಿ.

ಈಗ ನಡೆದಿರುವುದು ಪರಿವಿಡಿ ಬಿಡಿಸುವ ಕೆಲಸ. ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ, ಪ್ರಬಂಧ ಸಂಕಲನಗಳನ್ನು ಗ್ರಂಥಸೂಚಿ ಒಂದೇ ನಮೂದಿನಲ್ಲಿ ಮುಗಿಸಿಬಿಡುತ್ತದೆ. ಒಳಗಿನ ನಲವತ್ತು ಲೇಖನಗಳ ಸುಳಿವೇ ಇರುವುದಿಲ್ಲ. ಕರಾವಳಿಯ ಯಾವ ವಿದ್ವಾಂಸರಿಗೆ ಅಭಿನಂದನ ಗ್ರಂಥ ಬಂದಿದ್ದರೂ ಮುದ್ದಣನ ಮೇಲೊಂದು ಲೇಖನ ಇದ್ದೇ ಇರುತ್ತದೆ ಎಂದುಕೊಂಡು ತೆರೆಯಿರಿ, ನಷ್ಟವಿಲ್ಲ. ಒಂದು ಲೇಖನಕ್ಕೆ ಒಂದು ಕಾರ್ಡು, ಅಳತೆ 12.5 × 7.5 ಸೆಂ.ಮೀ. ಮೇಲೆ ವಿಮರ್ಶಕರ ಹೆಸರು, ಆಮೇಲೆ ಲೇಖನದ ಶೀರ್ಷಿಕೆ, ‘ಇದರಲ್ಲಿ’ ಎಂದು ಬರೆದು ಗ್ರಂಥ, ಸಂಪಾದಕ, ಸ್ಥಳ, ವರ್ಷ, ಪುಟ. ಬಲಮೂಲೆಯಲ್ಲಿ ಯಾವ ಕೃತಿಯ ಚರ್ಚೆ ಎಂಬ ಗುರುತು. ಹಿಂಬದಿಯಲ್ಲಿ ಪ್ರತಿ ಕಂಡ ಗ್ರಂಥಾಲಯ ಮತ್ತು ಕರೆಸಂಖ್ಯೆ, ಅಂದರೆ ಕಪಾಟಿನಲ್ಲಿ ಪುಸ್ತಕದ ಜಾಗ ತೋರಿಸುವ ಸಂಖ್ಯೆ. ಕಣ್ಣಾರೆ ನೋಡಿದ್ದಕ್ಕೆ ಮಾತ್ರ ಮಸಿಯಲ್ಲಿ ಬರೆಯುವುದು. ಇನ್ನೊಂದು ಸೂಚಿಯಿಂದ ಎತ್ತಿದ್ದು ಪೆನ್ಸಿಲಿನಲ್ಲೇ ಇರಲಿ. ತಪ್ಪು ಪುಟಸಂಖ್ಯೆ ಸೂಚಿಯಿಂದ ಸೂಚಿಗೆ ವಂಶಪಾರಂಪರ್ಯವಾಗಿ ಇಳಿದು ಬರುತ್ತದೆ.

ಪತ್ರಿಕೆಗಳದ್ದು ಬೇರೆ ತಕರಾರು. ಹಳೆಯ ಸಂಚಿಕೆಗಳ ಉಲ್ಲೇಖ ಹಲವೆಡೆ ಸಂವತ್ಸರದಲ್ಲಿರುತ್ತದೆ. ಪ್ರಮೋದೂತ ಎಂದರೆ 1930ರ ಯುಗಾದಿಯಿಂದ 1931ರ ಯುಗಾದಿವರೆಗೆ. ಪ್ರಮೋದೂತದ ಮಾಘ ಎಂದಿದ್ದರೆ 1930ರ ಸಂಪುಟ ಮಗುಚಿ ಪ್ರಯೋಜನವಿಲ್ಲ, ಅದು 1931ರ ಜನವರಿ–ಫೆಬ್ರವರಿಗೆ ಬೀಳುತ್ತದೆ. ಅರುವತ್ತು ವರ್ಷಕ್ಕೆ ಅದೇ ಹೆಸರು ಮರಳುವುದರಿಂದ ಸಂಪುಟ ಸಂಖ್ಯೆಯನ್ನೂ ತಾಳೆ ನೋಡಿ. ಬೈಂಡು ಮಾಡುವಾಗ ರಕ್ಷಾಪುಟ ಕಿತ್ತುಹಾಕಿದ್ದರೆ ಪರಿವಿಡಿಯೂ ಅದರೊಂದಿಗೇ ಹೋಗಿರುತ್ತದೆ, ಏಕೆಂದರೆ ಎಷ್ಟೋ ಪತ್ರಿಕೆಗಳು ಅದನ್ನು ರಕ್ಷಾಪುಟದ ಮೇಲೇ ಅಚ್ಚು ಹಾಕುತ್ತಿದ್ದವು. ಆಗ ಪುಟಪುಟ ತಿರುವುವುದೇ ಗತಿ. ಮಳೆಗಾಲದಲ್ಲಿ ಶೀತ ಹೊಡೆದ ಕಾಗದ ಅಂಟಿಕೊಂಡಿರುತ್ತದೆ, ಬೆರಳಿಂದ ಎಬ್ಬಿಸಬೇಡಿ. ಅಂಥ ಸಂಪುಟಗಳನ್ನು ಡಿಸೆಂಬರಿಗೆ ಮುಂದೂಡಿದ್ದೇವೆ.

ಗಣಕೀಕೃತ ಸೂಚಿಯಲ್ಲಿ ಕನ್ನಡದಲ್ಲಿ ಟೈಪಿಸಿ ‘ಫಲಿತಾಂಶವಿಲ್ಲ’ ಎಂದು ಬಂದರೆ ಪುಸ್ತಕ ಇಲ್ಲ ಎಂದು ನಿರ್ಧರಿಸಬೇಡಿ. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಊಡಿಸಿದ ದಾಖಲೆ ಯೂನಿಕೋಡ್ ಹುಡುಕಾಟಕ್ಕೆ ಸಿಗುವುದಿಲ್ಲ. ಮುದ್ದಣನ ಹೆಸರನ್ನು ರೋಮನ್‌ನಲ್ಲಿ ಒಂದು ‘ಎನ್’, ಎರಡು ‘ಎನ್’ ಹಾಕಿ ನೋಡಿ, ಅದೂ ಆಗದಿದ್ದರೆ ವರ್ಗಸಂಖ್ಯೆಯಿಂದ ಹೋಗಿ.

ಮುಂದಿನ ಸರದಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ್ದು, ಆಮೇಲೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ. ಪೆನ್ಸಿಲಿನ ಕಾರ್ಡುಗಳನ್ನು ಪತ್ರಿಕೆವಾರು ಜೋಡಿಸಿಟ್ಟಿದ್ದೇವೆ, ಒಂದು ಸಂಪುಟ ತೆಗೆಸಿದರೆ ಅದರ ಎಲ್ಲ ನಮೂದುಗಳೂ ಒಟ್ಟಿಗೆ ತಾಳೆಯಾಗುವಂತೆ.