ಟೆರೆಜಿನ್‌ನ ಹುಡುಗರ ಪತ್ರಿಕೆ

ಜೆಕ್ ದೇಶದ ಟೆರೆಜಿನ್‌ಗೆ ಹೋಗುವವರು ಮೊದಲು ಪ್ರಾಗ್‌ನಲ್ಲಿರುವ ಯಹೂದಿಗಳ ಪ್ರಾರ್ಥನಾ ಮಂದಿರ ಪಿಂಕಾಸ್ ಸಿನಗಾಗ್ ನೋಡಿಕೊಂಡೇ ಹೋಗಬೇಕು. ಕೆಳಗಿನ ಗೋಡೆಗಳ ತುಂಬ ನಾಜಿಗಳಿಗೆ ಬಲಿಯಾದ ಯಹೂದಿಗಳ ಹೆಸರು, ಹತ್ತಿರ ಹತ್ತಿರ 80,000. ಮೇಲಿನ ಮಹಡಿಯಲ್ಲಿ ಟೆರೆಜಿನ್ ಘೆಟ್ಟೊದ, ಅಂದರೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಊರಿನ, ಮಕ್ಕಳು ಬಿಡಿಸಿದ ಚಿತ್ರಗಳಿವೆ. ಕಚೇರಿಯ ರದ್ದಿ ಕಾಗದವನ್ನೂ ಬಿಡದೆ ಬಿಡಿಸಿದ್ದಾರೆ. ಚಿತ್ರಕ್ಕೆ ತಮ್ಮ ಹೆಸರು ಬರೆಯಲೇಬೇಕೆಂದು ಅವರಿಗೆ ಹೇಳಿಕೊಟ್ಟವರು ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್. 1944ರ ಅಕ್ಟೋಬರ್‌ನಲ್ಲಿ ನಾಜಿಗಳ ಸಾವಿನ ಶಿಬಿರ ಔಶ್‌ವಿಟ್ಸ್‌ಗೆ ಹೊರಡುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸ್‌ಗಳಲ್ಲಿ ತುಂಬಿಟ್ಟು ಹೋದರು. ಅವರು ತಿರುಗಿ ಬರಲಿಲ್ಲ.

ಟೆರೆಜಿನ್ ಇರುವುದು ಪ್ರಾಗ್‌ನಿಂದ ಉತ್ತರಕ್ಕೆ 60 ಕಿಲೋಮೀಟರ್ ದೂರದಲ್ಲಿ, ಬಸ್ಸಿನಲ್ಲಿ ಒಂದು ಗಂಟೆ ದಾರಿ. ಇಟ್ಟಿಗೆಯ ಕೋಟೆಯೊಳಗಿನ ಪುಟ್ಟ ಊರು. 1941ರ ನವೆಂಬರ್‌ನಿಂದ ಯುದ್ಧ ಮುಗಿಯುವವರೆಗೆ ಇಲ್ಲಿಗೆ ಸುಮಾರು 1,40,000 ಜನರನ್ನು ತಂದು ತುಂಬಿದರು. ಹಸಿವು, ಕಾಯಿಲೆಗೆ ಇಲ್ಲೇ ಸತ್ತವರು ಸುಮಾರು 33,000. ಉಳಿದವರಲ್ಲಿ ಹೆಚ್ಚಿನವರನ್ನು ರೈಲಿನಲ್ಲಿ ಪೂರ್ವಕ್ಕೆ, ಸಾವಿನ ಶಿಬಿರಗಳಿಗೆ ಸಾಗಿಸಿದರು.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು, ಇದೇ ಘೆಟ್ಟೊದಲ್ಲಿದ್ದ ಪಾವೆಲ್ ಫ್ರೀಡ್‌ಮನ್ 1942ರ ಜೂನ್ 4ರಂದು ಬರೆದ ‘ಚಿಟ್ಟೆ’ ಕವಿತೆ. ಕೊನೆಯದಾಗಿ ಕಂಡ ಹಳದಿ ಚಿಟ್ಟೆ, ಅಂಗಳದಲ್ಲಿ ಹೂಬಿಟ್ಟ ಚೆಸ್ಟ್‌ನಟ್ ಕೊಂಬೆಗಳು, ಘೆಟ್ಟೊದಲ್ಲಿ ಕಳೆದ ಏಳು ವಾರಗಳು. ಇದನ್ನು ಎಷ್ಟೋ ಕಡೆ ‘ಮಗು ಬರೆದ ಕವಿತೆ’ ಎಂದೇ ಪರಿಚಯಿಸುತ್ತಾರೆ. ಪಾವೆಲ್‌ಗೆ ಆಗ 21 ವರ್ಷ. ‘ಮಗು’ ಎಂಬ ಮಾತಿಗೆ ನನ್ನ ತಕರಾರಿದೆ. ಮಗು ಅಂದಕೂಡಲೇ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ಮುಂದೆ ಹೋಗುತ್ತೇವೆ. ಆ ಹಳದಿ ಬಣ್ಣದ ಮೇಲೆ ಅವನು ಎಷ್ಟು ಹೊತ್ತು ನಿಲ್ಲುತ್ತಾನೆ, ಘೆಟ್ಟೊದ ಮಾತನ್ನು ಎಷ್ಟು ತಡೆದಿಟ್ಟು ಆಡುತ್ತಾನೆ ಎಂಬುದು ಗಮನಕ್ಕೇ ಬರುವುದಿಲ್ಲ. ಅವನನ್ನು ಕೊಂದದ್ದು ಸಾಲದೆಂಬಂತೆ ಅವನ ಕಸುಬನ್ನೂ ನಾವು ಕಿತ್ತುಕೊಳ್ಳಬೇಕೆ?

ಈಗಿನ ಘೆಟ್ಟೊ ಮ್ಯೂಸಿಯಂ ಹಿಂದೆ ಶಾಲೆಯಾಗಿತ್ತು. ಘೆಟ್ಟೊ ಕಾಲದಲ್ಲಿ ಅದೇ ಎಲ್-417, ಹುಡುಗರ ವಸತಿ. ಒಂದನೇ ಕೋಣೆಯ ಹುಡುಗರು ಇಲ್ಲಿ ‘ವೆದೆಮ್’ ಎಂಬ ವಾರಪತ್ರಿಕೆ ನಡೆಸುತ್ತಿದ್ದರು. ಅಚ್ಚಿನ ಮಾತೆಲ್ಲಿ, ಇರುವುದು ಒಂದೇ ಪ್ರತಿ. ಶುಕ್ರವಾರ ಸಂಜೆ ಮಂಚದ ಅಟ್ಟಣಿಗೆಗಳ ಮೇಲೆ ಕೂತು, ಬರೆದವರೇ ಓದಿ ಹೇಳುತ್ತಿದ್ದರು. ಕವಿತೆ, ತಮಾಷೆ, ಟೀಕೆ, ಘೆಟ್ಟೊದ ಅಡುಗೆಮನೆ, ಹೆಣದ ಮನೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಸುಮಾರು 800 ಪುಟ ಉಳಿದಿವೆ.

ಸಂಪಾದಕ ಪೆಟ್ರ್ ಗಿಂಟ್ಸ್. ಚಂದ್ರನ ಮೇಲೆ ನಿಂತು ಭೂಮಿಯನ್ನು ನೋಡಿದಂತೆ ಅವನೊಂದು ಚಿತ್ರ ಬಿಡಿಸಿದ್ದ. ಇಸ್ರೇಲಿನ ಗಗನಯಾನಿ ಇಲಾನ್ ರಾಮೋನ್ ಅದರ ಪ್ರತಿಯನ್ನು 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಒಯ್ದರು. ನಮ್ಮ ಕಲ್ಪನಾ ಚಾವ್ಲಾ ಇದ್ದದ್ದೂ ಅದೇ ನೌಕೆಯಲ್ಲೇ. ಅದು ಸಿಡಿದು ಏಳೂ ಮಂದಿ ಸತ್ತ ಫೆಬ್ರವರಿ 1, ಪೆಟ್ರ್ ಹುಟ್ಟಿದ ದಿನ.

ಬರಹಗಳು ಸಾಕಾಗದ ವಾರ ಪೆಟ್ರ್ ತಾನೇ ಬೇರೆ ಹೆಸರಿನಲ್ಲಿ ಬರೆದು ಪುಟ ತುಂಬಿಸುತ್ತಿದ್ದನಂತೆ. 1944ರ ಸೆಪ್ಟೆಂಬರ್‌ನಲ್ಲಿ ಅವನನ್ನು ಔಶ್‌ವಿಟ್ಸ್‌ಗೆ ಸಾಗಿಸಿದರು. ಆಗ ಅವನಿಗೆ 16. ಅದರೊಂದಿಗೆ ಪತ್ರಿಕೆಯೂ ನಿಂತಿತು.