ವೇಷಕ್ಕೂ ಕೊಳೆ

ಜುಲೈ 19, 2025, ಶನಿವಾರ
ಶಿರಸಿ

ಮೂರು ವಾರ ಕುಳಿತು ಬಣ್ಣ ಹಚ್ಚಿದ ವೇಷ ನಿನ್ನೆ ರಾತ್ರಿ ಹತ್ತೇ ನಿಮಿಷದಲ್ಲಿ ಕೆಟ್ಟಿತು.

ಬೆರಳುದ್ದದ ಯಕ್ಷಗಾನದ ಗೊಂಬೆ, ಮುಂಡಾಸು ವೇಷ. ಬೆಂಗಳೂರಿನ ಗೆಳೆಯ ರೆಸಿನ್‌ನಲ್ಲಿ ಮುದ್ರಿಸಿ ಕಳಿಸಿದ್ದು. ಕಸೆ ಸೀರೆಯ ಚೌಕುಳಿಗಳನ್ನು ಮೂರು ಸೊನ್ನೆಯ (000) ಸಣ್ಣ ಕುಂಚದಲ್ಲಿ ಉಸಿರು ಬಿಗಿಹಿಡಿದು ಎಳೆದಿದ್ದೆ. ಉಳಿದಿದ್ದು ಬಣ್ಣದ ಮೇಲೆ ಸ್ಪ್ರೇ ಡಬ್ಬಿಯಿಂದ ಹೊಡೆಯುವ, ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಒಂದೇ. ಏಪ್ರಿಲ್‌ನಲ್ಲಿ ತಳಬಣ್ಣದ ಪ್ರೈಮರ್ ಹೊಡೆದಾಗ ಏನೂ ಆಗಿರಲಿಲ್ಲ, ಅದೇ ಧೈರ್ಯ. ಜಗಲಿಯಲ್ಲಿ ನಿಂತು ಡಬ್ಬಿಯನ್ನು ಎರಡು ನಿಮಿಷ ಅಲುಗಾಡಿಸಿ, ಒಂದಡಿ ದೂರದಿಂದ ಹೊಡೆದೆ. ಗೋಡೆಯ ತೇವಮಾಪಕ ಗಾಳಿಯ ತೇವ ಶೇಕಡಾ 92 ಎಂದು ತೋರಿಸುತ್ತಿತ್ತು. ನೋಡಿಯೂ ನೋಡದ ಹಾಗೆ ಇದ್ದೆ. ಬಲ್ಲವರು 60–65ರ ಮೇಲೆ ಡಬ್ಬಿ ಮುಟ್ಟಬೇಡಿ ಎನ್ನುತ್ತಾರೆ. ಆ ಮಾತು ಕೇಳಿದರೆ ನಮ್ಮೂರಿನಲ್ಲಿ ಮಳೆಗಾಲವಿಡೀ ಕೈಕಟ್ಟಿ ಕೂರಬೇಕು.

ಮುಂಡಾಸಿನ ಕಪ್ಪಿನ ಮೇಲೆ ಮೊದಲು ಮಂಜು ಕವಿದಂತಾಯಿತು. ಒಣಗಿದರೆ ಸರಿಹೋದೀತು ಎಂದುಕೊಂಡೆ. ಒಣಗಿದಷ್ಟೂ ಬಿಳಿಯಾಯಿತು. ದ್ರಾವಕ ಸರ್ರನೆ ಆರುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ, ಆ ತಣ್ಣನೆಯ ಮೈಗೆ ಗಾಳಿಯ ಆವಿ ಹನಿಯಾಗಿ ಅಂಟುತ್ತದೆ, ವಾರ್ನಿಷ್ ಅದನ್ನು ಒಳಗೇ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಹೊಡೆದೆನಲ್ಲ ಎಂಬ ಸಿಟ್ಟಿಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಕೊನೆಗೌಡರು ಬಂದರು, ನಮ್ಮ ತೋಟದ ಅಡಿಕೆ ಮರ ಹತ್ತಿ ಕೊನೆ (ಗೊಂಚಲು) ಇಳಿಸುವವರು. ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗಕ್ಕೆ ಎರಡನೆಯ ಸಲದ ಮದ್ದು ಹೊಡೆಯುವುದು ಬಾಕಿ; ಮೊದಲನೆಯದು ಹೊಡೆದು ನಲವತ್ತೈದು ದಿನ ದಾಟಿದೆ. ಮಳೆ ಸುರಿಯುತ್ತಲೇ ಇತ್ತು. ಆಯಿ ಕವಳದ ಬಟ್ಟಲು ಮುಂದಿಟ್ಟಳು. ಗೌಡರು ಸುಣ್ಣ ಸವರುತ್ತ ಕಿಟಕಿಯಲ್ಲಿದ್ದ ವೇಷವನ್ನು ನೋಡಿದರು.

"ಸಣ್ಣ ಹೆಗಡೆಯವರೇ, ಇದಕ್ಕೂ ಕೊಳೆ ಬಂತಲ್ಲ!"

ನಗು ತಡೆಯಲಾಗಲಿಲ್ಲ. ಕೊಳೆ ಬಂದು ಉದುರಿದ ಅಡಿಕೆಯ ಮೇಲೆ ಕೂರುವ ಬಿಳಿ ಬೂಸಲು ಥೇಟು ಹೀಗೇ ಇರುತ್ತದೆ. ಇದು ಮದ್ದು ಹೊಡೆದದ್ದಕ್ಕೇ ಬಂದ ಕೊಳೆ ಎಂದೆ.

"ಯಾವಾಗ ಹೊಡೆದಿರಿ?"

"ರಾತ್ರಿ. ಮಳೆ ನಿಂತಿತ್ತು."

"ಮಳೆ ನಿಂತರೆ ಆಯಿತೇ? ಮರದ ನೀರು ಇಳಿಯಬೇಕು." ನಾವು ಕೆಳಗಿನವರು ಆಕಾಶ ನೋಡಿ, ಮಳೆ ಬಿಟ್ಟು ಹೊಳವಾಯಿತು ಎನ್ನುತ್ತೇವಂತೆ. ಅವರು ಮೇಲೆ ಹತ್ತಿ ಕೊನೆಯ ಬುಡಕ್ಕೆ ಬೆರಳು ಹಾಕಿ ನೋಡುತ್ತಾರೆ. ಅಲ್ಲಿ ನೀರು ನಿಂತಿದ್ದರೆ ಹೊಡೆದ ಮದ್ದೆಲ್ಲ ತೊಳೆದು ನೆಲಕ್ಕೆ. "ಅದೂ ಒಂದೇ ಸಮ ಸುರಿಯಬಾರದು. ಕಾಯಿಗೆ ತೆಳ್ಳಗೆ ಹತ್ತಿದರೆ ಸಾಕು." ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದೂ ಇದನ್ನೇ. ನಾನು ಹೊಡೆದದ್ದು ತೆಳ್ಳಗಿರಲಿಲ್ಲ ಎಂಬುದನ್ನು ಅವರಿಗೆ ಹೇಳಲಿಲ್ಲ.

ಬಚ್ಚಲ ಒಲೆಯ ಪಕ್ಕ ಬೆಚ್ಚಗಿರುತ್ತದೆ, ಅಲ್ಲೇ ಹೊಡೆದರೆ ಹೇಗೆ ಎಂದು ಕೇಳಿದ್ದಕ್ಕೆ ಆಯಿ ಒಳಗಿನಿಂದಲೇ ಬೈದಳು. ಸರಿಯೇ. ಡಬ್ಬಿಯೊಳಗಿನದು ಅಡುಗೆ ಅನಿಲದ ಜಾತಿಯದೇ. ಬಚ್ಚಲ ಹೆಂಚು ಹಾರುತ್ತಿತ್ತು.

ನಡುವೆ ಹೊಳಪಿನ ವಾರ್ನಿಷ್‌ನಲ್ಲಿ ಕುಂಚ ಅದ್ದಿ ವೇಷದ ಬೆನ್ನಿಗೆ ಒಂದೆಳೆ ಎಳೆದೆ. ಬಿಳುಪು ಕರಗಿ ಕಪ್ಪು ಮೇಲೆದ್ದು ಬಂತು. ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಈಗ ಎಣ್ಣೆ ಸವರಿಕೊಂಡವನಂತೆ ಮಿರಮಿರ ಎನ್ನುತ್ತಿದ್ದಾನೆ. ಮತ್ತೆ ಮ್ಯಾಟ್ ಹೊಡೆಯದೆ ಗತ್ಯಂತರವಿಲ್ಲ, ಹೊಳವಿಲ್ಲದೆ ಹೊಡೆಯುವಂತಿಲ್ಲ.

ಮೂರು ಗಂಟೆಗೆ ಹೊಳವಾಯಿತು. ಡಬ್ಬಿ ಕೈಗೆತ್ತಿಕೊಂಡಿದ್ದೆ, ಅಷ್ಟರಲ್ಲಿ ತೋಟದಿಂದ ಕೂಗು. ಹೋಗಿ ಪೀಪಾಯಿ ಕದಡುತ್ತ ನಿಂತೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಗೌಡರು ಕತ್ತಿಯ ಅಲಗನ್ನು ಅದ್ದಿ ತೆಗೆದರು. ಅಂಚಿನಲ್ಲಿ ತಾಮ್ರದ ಕೆಂಪು ಕಂಡಿತು. ಸುಣ್ಣ ಸಾಲದು ಎಂದು ಇನ್ನೆರಡು ಬೊಗಸೆ ಸುಣ್ಣದ ನೀರು ಹಾಕಿಸಿ, ಮತ್ತೆ ಅದ್ದಿ ನೋಡಿ, ಮರ ಹತ್ತಿದರು.

ಹತ್ತುವಾಗ ಮಂಡಿ ನೋವಿಗೆ ಎರಡು ಕಡೆ ನಿಂತರು. ಮೊದಲೆಲ್ಲ ನಿಲ್ಲುತ್ತಿರಲಿಲ್ಲ. ಮಗ ಗೋವಾದಲ್ಲಿದ್ದಾನೆ, ಮರದ ಸುದ್ದಿಗೆ ಬರುವುದಿಲ್ಲ. ಪಕ್ಕದ ತೋಟದವರು ಕಾರ್ಬನ್ ಫೈಬರ್ ದೋಟಿ ತಂದಿದ್ದಾರೆ, ನೆಲದಲ್ಲೇ ನಿಂತು ಮದ್ದು ಹೊಡೆಯಬಹುದು. ಅದರ ಮಾತೆತ್ತಿದರೆ ಗೌಡರು ಸುಮ್ಮನಾಗುತ್ತಾರೆ. ನೆಲದಲ್ಲಿ ನಿಂತವನು ಕೊನೆಯ ಬುಡಕ್ಕೆ ಬೆರಳು ಹಾಕುವುದು ಹೇಗೆ ಎಂದು ನನಗೂ ಇವತ್ತೇ ಅನ್ನಿಸಿದ್ದು.

ಇಪ್ಪತ್ತು ಮರ ಮುಗಿಯುವಷ್ಟರಲ್ಲಿ ಮತ್ತೆ ಮಳೆ. ನನ್ನ ಹೊಳವೂ ಅಲ್ಲಿಗೇ ಮುಗಿಯಿತು.

ವೇಷವನ್ನು ಬಚ್ಚಲ ಕಟ್ಟೆಯ ಮೇಲಿಟ್ಟಿದ್ದೇನೆ, ಡಬ್ಬಿ ಕೋಣೆಯಲ್ಲೇ ಇದೆ. ಮೈ ಬೆಚ್ಚಗಿದ್ದಾಗಲೇ ಜಗಲಿಗೆ ತಂದು ತೆಳ್ಳಗೆ ಒಂದು ಸಲ ಹೊಡೆದರೆ ಆವಿ ಕೂರಲಿಕ್ಕಿಲ್ಲ. ನಾಳೆ ಗೌಡರು ಏಳಕ್ಕೇ ಬರುತ್ತೇನೆ ಎಂದಿದ್ದಾರೆ. ಅವರು ಹತ್ತುವ ಮೊದಲು ಆ ಮಂಡಿಯ ವಿಷಯ ಒಂದು ಮಾತು ಕೇಳಬೇಕು.