ಮಂಜು ಅಂದುಕೊಂಡದ್ದು ಆಸಿಡ್ ಹೊಗೆ

ಕುಶಾಲನಗರದ ಆಸುಪಾಸಿನ ಕಾರ್ಖಾನೆಯೊಂದರಲ್ಲಿ ನನಗೆ ಮೇಂಟೆನೆನ್ಸ್ ಕೆಲಸ. ಸೇರಿದ ಎರಡನೇ ವರ್ಷ, ಬಾಯ್ಲರಿಗೆ ನೀರು ಶುದ್ಧ ಮಾಡುವ ಡಿಎಂ ಪ್ಲಾಂಟಿಗೆ ಹೊಸ ಆಸಿಡ್ ಟ್ಯಾಂಕ್ ಹಾಕಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ತುಂಬಬೇಕಾದದ್ದು ಶೇ. 33ರ ಹೈಡ್ರೋಕ್ಲೋರಿಕ್ ಆಸಿಡ್. ಟ್ಯಾಂಕು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದೇ ತರಿಸಿದೆ, ಅದರಲ್ಲಿ ತಪ್ಪಿರಲಿಲ್ಲ. ಎಡವಿದ್ದು ಕೆಳಗಿನ ವಾಲ್ವಿನಲ್ಲಿ. ಪ್ಲಾಸ್ಟಿಕ್ ವಾಲ್ವ್ ನೋಡಿದರೆ ಯಾಕೋ ನಂಬಿಕೆ ಬರಲಿಲ್ಲ. ದುಡ್ಡು ಜಾಸ್ತಿ ಕೊಟ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿಸಿದೆ. ತುಕ್ಕು ಹಿಡಿಯದ ಸ್ಟೀಲಲ್ಲವೇ!

ಜುಲೈ ತಿಂಗಳು, ರಾತ್ರಿ ಪಾಳಿ. ವಾಚ್‌ಮನ್ ಬಂದು, "ಟ್ಯಾಂಕ್ ಹತ್ರ ಮಂಜು ಕವಿದಿದೆ ಸಾರ್, ಆದ್ರೆ ಕಣ್ಣು ಉರೀತದೆ" ಅಂದ. ಕೊಡಗಿನ ಮಳೆಗಾಲದಲ್ಲಿ ಮಂಜು ಎಂದರೆ ಯಾರು ತಲೆ ಎತ್ತಿ ನೋಡುತ್ತಾರೆ? ಆಸಿಡ್ಡಿನ ಆವಿ ತೇವದ ಗಾಳಿಗೆ ಸಿಕ್ಕಿದರೆ ಹೀಗೇ ಬೆಳ್ಳಗೆ ಕವಿಯುತ್ತದೆ ಎಂದು ನನಗೂ ಒಂದು ಕ್ಷಣ ಹೊಳೆಯಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ವಾಲ್ವಿನ ಮೈಯಲ್ಲೇ ಸೂಜಿಮೊನೆಯಷ್ಟು ತೂತು. ತೊಟ್ಟಿಕ್ಕಿದಲ್ಲೆಲ್ಲ ಸಿಮೆಂಟ್ ನೆಲ ಬುಸುಬುಸು ನೊರೆ ಉಕ್ಕಿಸುತ್ತಿತ್ತು. ಸೋರುತ್ತಿರುವುದೇ ವಾಲ್ವಾದ್ದರಿಂದ ಅದನ್ನು ಮುಚ್ಚಿಯೂ ಪ್ರಯೋಜನವಿಲ್ಲ. ಮಾಸ್ಕ್ ಹಾಕಿಕೊಂಡು, ಗಾಳಿ ಬರುವ ಕಡೆ ನಿಂತು, ಉಳಿದ ಆಸಿಡ್ಡನ್ನು ಪ್ಲಾಸ್ಟಿಕ್ ಪಂಪಿನಿಂದ ಕ್ಯಾನುಗಳಿಗೆ ಇಳಿಸಿ, ಟ್ಯಾಂಕಿನ ಸುತ್ತಲ ಕಟ್ಟೆಯೊಳಗೆ ನಿಂತದ್ದಕ್ಕೆ ಇಟಿಪಿಯಿಂದ (ಕೊಳೆನೀರು ಶುದ್ಧ ಮಾಡುವ ಘಟಕ) ಸುಣ್ಣದ ಚೀಲ ಹೊತ್ತು ತಂದು ಸುರಿಯುವಷ್ಟರಲ್ಲಿ ಬೆಳಗಾಯಿತು.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆ. ಹೈಡ್ರೋಕ್ಲೋರಿಕ್ ಆಸಿಡ್ ಆ ಪೊರೆಯನ್ನೇ ಕಿತ್ತುಹಾಕುತ್ತದೆ. 304 ಇರಲಿ, 316 ಇರಲಿ, ಅದಕ್ಕೆ ಎರಡೂ ಒಂದೇ.

ಮಾರನೇ ದಿನ ನಮ್ಮ ಹಿರಿಯ ಫೋರ್‌ಮನ್ ಬೈಯಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ನಿಮ್ಮಪ್ಪ ತೋಟದಲ್ಲಿ ಮೈಲುತುತ್ತ ಕಬ್ಬಿಣದ ಡ್ರಮ್ಮಲ್ಲಿ ಕರಗಿಸ್ತಾರೇನಪ್ಪಾ?" ನಾಚಿಕೆಯಾಯಿತು. ಕರಿಮೆಣಸಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವಾಗ ಅಪ್ಪ ಯಾವಾಗಲೂ ಪ್ಲಾಸ್ಟಿಕ್ ಡ್ರಮ್ಮೇ ಇಡುತ್ತಿದ್ದರು. ದ್ರಾವಣದಲ್ಲಿ ಕತ್ತಿಯ ಅಲಗು ಅದ್ದಿ, ಕೆಂಪಗೆ ತಾಮ್ರ ಕೂತರೆ "ಸುಣ್ಣ ಸಾಲದು, ಇನ್ನಷ್ಟು ಹಾಕು" ಎನ್ನುತ್ತಿದ್ದರು. ಯಾವ ದ್ರಾವಣ ಯಾವ ಲೋಹವನ್ನು ತಿನ್ನುತ್ತದೆ ಎಂಬ ಪಾಠ ಚಿಕ್ಕಂದಿನಿಂದಲೂ ಕಣ್ಣೆದುರೇ ಇತ್ತು.

ಆಮೇಲೆ ಒಂದೊಂದನ್ನೂ ಕೂತು ಓದಿದೆ. ನನಗೆ ತಲೆಕೆಳಗಾಗಿ ಕಂಡದ್ದು ಸಲ್ಫ್ಯೂರಿಕ್ ಆಸಿಡ್. ಶೇ. 98ರದ್ದನ್ನು ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಟ್ಯಾಂಕಿನಲ್ಲಿ ಇಡಬಹುದು. ಕಬ್ಬಿಣದ ಮೇಲೆ ಸಲ್ಫೇಟ್ ಪದರ ಕೂತು ತಾನೇ ತಡೆಯಾಗುತ್ತದೆ. ಅದೇ ಆಸಿಡ್ಡಿಗೆ ನೀರು ಸೇರಿ ತೆಳುವಾದರೆ ಕಬ್ಬಿಣವನ್ನು ತಿನ್ನುತ್ತದೆ, ಜೊತೆಗೆ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ನಮ್ಮೂರ ಗಾಳಿಯಲ್ಲಿ ಮಳೆಗಾಲಪೂರ್ತಿ ನೀರೇ ಇರುವುದರಿಂದ, ಟ್ಯಾಂಕಿನ ಉಸಿರುಕೊಳವೆಗೆ ತೇವ ಹೀರುವ ಸಿಲಿಕಾ ಜೆಲ್ ಬ್ರೀದರ್ ಇಲ್ಲದೆ ನಾನು ಒಪ್ಪುವುದಿಲ್ಲ.

ಕಾಸ್ಟಿಕ್ ಲೈ, ಅಂದರೆ ಕಾಸ್ಟಿಕ್ ಸೋಡಾ ದ್ರಾವಣ, ಕಾಡುವುದು ಚಳಿಗಾಲದಲ್ಲಿ. ಶೇ. 50ರದ್ದು ಸುಮಾರು 12 ಡಿಗ್ರಿಯಲ್ಲೇ ಹರಳುಗಟ್ಟಲು ಶುರು. ಡಿಸೆಂಬರ್ ಬೆಳಗಿನಲ್ಲಿ ಪೈಪ್ ಕಟ್ಟಿಕೊಂಡು ಪಂಪ್ ಸುಮ್ಮನೆ ಗೊರಗೊರ ಅನ್ನುತ್ತದೆ. ಲೈಗೆ ಸತು ಲೇಪಿಸಿದ ಜಿಐ ಫಿಟ್ಟಿಂಗ್, ಅಲ್ಯೂಮಿನಿಯಂ ಎರಡೂ ಕೂಡದು. ಇನ್ನು ತೂಕ. ಸಾವಿರ ಲೀಟರ್ ನೀರು ಒಂದು ಟನ್ನಾದರೆ, ಅಷ್ಟೇ ಲೈ ಒಂದೂವರೆ ಟನ್, ಸಲ್ಫ್ಯೂರಿಕ್ 1.8 ಟನ್ ದಾಟುತ್ತದೆ. ಮನೆ ಮೇಲಿಡುವ ನೀರಿನ ಟ್ಯಾಂಕಿಗೆ ಲೈ ತುಂಬಿಸಿ ಅದರ ಹೊಟ್ಟೆ ಉಬ್ಬಿದ್ದನ್ನು ನಾನೇ ನೋಡಿದ್ದೇನೆ. ಆರ್ಡರಿನಲ್ಲಿ ಸಾಂದ್ರತೆ ಬರೆಯದೆ ಬರೀ ಲೀಟರ್ ಬರೆದರೆ ಆಗುವುದು ಇದೇ.

ಟ್ಯಾಂಕಿನ ಸುತ್ತ ಕಟ್ಟೆಗೆ ಒಳಗಿರುವುದರ ಶೇ. 110ರಷ್ಟು ಹಿಡಿಯುವ ಜಾಗ ಬೇಕು ಎನ್ನುತ್ತಾರೆ. ಇಲ್ಲಿ ಮೇಲೆ ಸೂರು ಇಲ್ಲದಿದ್ದರೆ ಆ ಜಾಗವನ್ನು ಮಳೆಯೇ ತುಂಬಿಬಿಡುತ್ತದೆ. ಆಸಿಡ್ಡನ್ನೂ ಹೈಪೋವನ್ನೂ (ಸೋಡಿಯಂ ಹೈಪೋಕ್ಲೋರೈಟ್, ಬ್ಲೀಚಿನ ದ್ರಾವಣ) ಒಂದೇ ಕಟ್ಟೆಯೊಳಗೆ ಇಡಲು ಮಾತ್ರ ಯಾರು ಹೇಳಿದರೂ ಬಿಡಬೇಡಿ. ಎರಡೂ ಸೋರಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಹೋದ ತಿಂಗಳು ಹೈಪೋ ಟ್ಯಾಂಕಿಗೆ ಹೊಸ ಬಾಲ್ ವಾಲ್ವ್ ಬಂತು, ಒಳಗಿನ ಗುಂಡು ತಿರುಗಿ ತೆರೆದು ಮುಚ್ಚುವಂಥದ್ದು. ಸ್ಟೋರಿನ ಹುಡುಗ ಓಡಿಬಂದ. "ಡಿಫೆಕ್ಟ್ ಪೀಸ್ ಸಾರ್, ಬಾಲಿಗೆ ಪಕ್ಕದಲ್ಲಿ ತೂತಿದೆ. ವಾಪಸ್ ಕಳಿಸಲಾ?" ಹೈಪೋ ನಿಂತಲ್ಲೇ ನಿಧಾನಕ್ಕೆ ಒಡೆದು ಆಮ್ಲಜನಕ ಬಿಡುತ್ತದೆ, ಮುಚ್ಚಿದ ಬಾಲಿನೊಳಗೆ ಅದು ಸಿಕ್ಕಿಬಿದ್ದರೆ ವಾಲ್ವೇ ಸಿಡಿಯಬಹುದು, ಆ ತೂತು ನಾವೇ ಕೇಳಿ ಹಾಕಿಸಿದ್ದು ಎಂದೆ. ನಂಬಿದಂತೆ ಕಾಣಲಿಲ್ಲ. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಹಾಗಾದ್ರೆ ತೂತು ಯಾವ ಕಡೆ ಬರ್ಬೇಕು ಸಾರ್?" ಅಂದ.

ಮುಚ್ಚಿದಾಗ ಟ್ಯಾಂಕಿನ ಕಡೆ.